ಎಡಗಿವಿಯ ಗುರುತು

ಬೋರ್ಗರ್ನೆಸ್ ಹತ್ತಿರದ ಹಳ್ಳಿ, ಐಸ್‌ಲ್ಯಾಂಡ್
5 ಅಕ್ಟೋಬರ್ 2025, ರವಿವಾರ

ಪ್ರೀತಿಯ ರವಿ ಅಣ್ಣಾ,

ನಿನ್ನ ಹಿಮ್ಮಡಿ ಹೇಗಿದೆ? ಹಿಂಡು ಊರು ಬಿಟ್ಟಿತೆಂದರೆ ನಿನ್ನ ಹಿಮ್ಮಡಿ ಒಡೆಯುವುದು, ನೀನು ಬಂಡೆಯ ಮೇಲೆ ಕೂತು ಅದಕ್ಕೆ ಮೇಣ ತುಂಬುವುದು, ಅವ್ವ ಊರಲ್ಲಿ, ಡಾಬಕಾದ ಮನೆಯಲ್ಲಿ ಕೂತೇ ನಿನ್ನನ್ನು ಬೈಯುವುದು, ಇದೆಲ್ಲ ಪ್ರತಿ ವರ್ಷದ್ದು. ಈ ವರ್ಷ ನಾನು ಅದಕ್ಕಿಂತ ದೂರದಲ್ಲಿ ಕೂತು ಬೈಯುತ್ತಿದ್ದೇನೆ. ಮನಿಷಾ ವೈನಿಯ ಬೆನ್ನುನೋವು ಇಳಿಯಿತೇ? ಅಪ್ಪ ಕಣ್ಣಿನ ಹನಿ ಹಾಕಿಕೊಳ್ಳುತ್ತಾನೋ, ಇಲ್ಲ ಬೀದರಿನಿಂದ ತಂದ ದುಬಾರಿ ಔಷಧಿ ಎಂದು ಅವ್ವ ಅದನ್ನು ದೇವರ ಜಗಲಿಯ ಮೇಲಿಟ್ಟು ಊದುಬತ್ತಿ ಬೆಳಗುತ್ತಾಳೋ? ಮಳೆ ಬಿಡದೆ ಹೊಡೆದು ಸೋಯಾ ಹೊಲದಲ್ಲೇ ಕೊಳೆಯಿತೆಂದು ವೈನಿ ಹೇಳಿದಳು. ನನಗೆ ಕೆಸರಿನಲ್ಲಿ ನಿಂತ ಕುರಿಗಳ ಗೊರಸಿನದೇ ಚಿಂತೆ. ಮೈಲುತುತ್ತ ಕಲಸಿದ ನೀರಿನಲ್ಲಿ ಅವನ್ನು ದಾಟಿಸು, ಡಬ್ಬಿ ಮನೆಯ ಕಪಾಟಿನ ಮೇಲಿನ ಖಾನೆಯಲ್ಲಿದೆ, ಯಾರ ಕೈಯಲ್ಲಾದರೂ ತರಿಸಿಕೋ. ನೋಡಿದೆಯಾ, ಕ್ಷೇಮ ಕೇಳಲು ಕೂತವಳು ಐದಾರು ಸಾಲಿಗೇ ಡಾಕ್ಟರಕಿ ಶುರು ಮಾಡಿದೆ. ನಾನು ಆರಾಮವಾಗಿದ್ದೇನೆ. ಹೊಟ್ಟೆ ತುಂಬ ಉಣ್ಣುತ್ತೇನೆ, ಕಿವಿ ಮುಚ್ಚಿಕೊಂಡು ಮಲಗುತ್ತೇನೆ.

ಫೋನಿರುವಾಗ ಕಾಗದ ಯಾಕೆ ಬರೆದಳು ಎಂದು ನೀನು ಕೇಳುವುದಿಲ್ಲ, ನಿನಗೆ ಗೊತ್ತಿದೆ. ನಮ್ಮ ಪಶುವೈದ್ಯ ಕಾಲೇಜಿನವರು ನಾಲ್ಕು ತಿಂಗಳ ಓದಿಗೆಂದು ನನ್ನನ್ನು ಈ ದೇಶಕ್ಕೆ ಕಳಿಸಿ ಆರು ವಾರವಾಯಿತು. ನಾಲ್ಕು ಸಲ ನಿನಗೆ ಫೋನು ಹಚ್ಚಿದೆ. ನಾಲ್ಕು ಸಲವೂ ನೀನು, "ಆರಾಮ ಅದೀನಿ. ತಗೋ, ನಿಮ್ಮ ವೈನಿ ಸಂಗಟ ಮಾತಾಡು" ಎಂದು ಹೆಂಡತಿಯ ಕೈಗೆ ಫೋನು ಕೊಟ್ಟು ತಪ್ಪಿಸಿಕೊಂಡೆ. ಜೂನ್ ತಿಂಗಳಲ್ಲಿ ಔರಾದಿನಲ್ಲಿ ನಾನು ಅಂದ ಮಾತು ನಮ್ಮಿಬ್ಬರ ನಡುವೆ ಕಲ್ಲಿನ ಹಾಗೆ ಕೂತಿದೆ. ಅದಕ್ಕೇ ಈ ಕಾಗದ. ನೀನು ಇವತ್ತು ಯಾರ ಹೊಲದಲ್ಲಿ ಕುರಿ ನಿಲ್ಲಿಸಿದ್ದೀಯೋ ನನಗೆ ತಿಳಿಯದು, ಆದರೆ ದೀಪಾವಳಿಗೆ ಮುಂಚೆ ಭಾಲ್ಕಿ ದಾಟಿಯೇ ದಾಟುತ್ತೀ, ದಾಟುವಾಗ ಇಸ್ಮಾಯಿಲ್ ಚಾಚಾನ ಹೋಟೆಲಿನಲ್ಲಿ ಚಹಾ ಕುಡಿದೇ ಕುಡಿಯುತ್ತೀ. ಹಾಗಾಗಿ ಚಾಚಾನ ವಿಳಾಸಕ್ಕೆ ಹಾಕುತ್ತಿದ್ದೇನೆ. ನಾನು ಆರನೇ ಇಯತ್ತೆಗೆ ಭಾಲ್ಕಿಯ ಹಾಸ್ಟೆಲಿನಲ್ಲಿದ್ದಾಗ ನೀನೂ ಅದೇ ಹೋಟೆಲಿನ ಬಾಕಿನ ಮೇಲೆ ಕೂತು ನನಗೆ ಇನ್‌ಲ್ಯಾಂಡ್ ಪತ್ರ ಬರೆಯುತ್ತಿದ್ದೆ. ಹಾಸ್ಟೆಲು ಅಲ್ಲಿಂದ ಹತ್ತು ನಿಮಿಷದ ದಾರಿ. ಆದರೂ ನೀನು ಒಳಗೆ ಬರುತ್ತಿರಲಿಲ್ಲ, ಕಂಬಳಿಯ ವಾಸನೆಗೆ ನನ್ನ ಗೆಳತಿಯರು ನಕ್ಕಾರು ಎಂದು. ನಾಲ್ಕೇ ಮಾತು ಇರುತ್ತಿದ್ದವು. "ಎಲ್ಲಾ ಆರಾಮ. ಬೂದಿ ಮರಿ ಹಾಕ್ಯದ. ಹೆಣ್ಣು. ಓದು." ಸಹಿ ಇರುತ್ತಿರಲಿಲ್ಲ. ಅದರ ಬದಲು ಕಾಗದದ ಎಡ ಮೂಲೆ ಚೌಕಾಗಿ ಕತ್ತರಿಸಿರುತ್ತಿತ್ತು, ಬಲ ಅಂಚಿಗೆ ಒಂದು ಸಣ್ಣ ಕಚ್ಚು. ವಾರ್ಡನ್ ಬಾಯಿ ಅದನ್ನು ತಿರುಗಿಸಿ ನೋಡಿ, ಪೋಸ್ಟಾಫೀಸಿನಲ್ಲಿ ಇಲಿ ಬಹಳವಾಗಿವೆ ಎಂದು ಪ್ರತಿ ಸಲ ಬೈಯುತ್ತಿದ್ದಳು. ನಾನು ಹೌದ್ರಿ ಬಾಯಿ ಎಂದು ಕಾಗದ ಇಸಿದುಕೊಂಡು ಓಡುತ್ತಿದ್ದೆ.

ಆ ಗುರುತಿನ ಕಥೆ ನಿನಗೆ ಗೊತ್ತಿರುವುದೇ, ಆದರೂ ಬರೆಯುತ್ತೇನೆ, ಬರೆದರೆ ಮನೆಯಲ್ಲಿ ಕೂತ ಹಾಗಾಗುತ್ತದೆ. ನಮ್ಮಲ್ಲಿ ಮಗು ಹುಟ್ಟಿದರೆ ಅದರ ಹೆಸರಿಗೆ ಒಂದು ಹೆಣ್ಣುಮರಿ ಬಿಡುತ್ತಾರೆ. ಆ ಮರಿಯ ಕಿವಿಗೆ ಮಗುವಿನದೇ ಒಂದು ಬೇರೆ ಗುರುತು ಕೊಯ್ಯುತ್ತಾರೆ, ಮುಂದೆ ಅದರ ಸಂತಾನವೆಲ್ಲ ಆ ಮಗುವಿನದು. ನಾನು ಹುಟ್ಟಿದಾಗ ನಿನಗೆ ಏಳು ವರ್ಷ. ಅಪ್ಪ ಚಾಕು ಹಿಡಿದುಕೊಂಡು, "ನಿನ್ನ ತಂಗಿಗಿ ಯಾವ ಗುರ್ತ ಇಡಮ್ ಹೇಳೋ" ಎಂದು ಕೇಳಿದನಂತೆ. ನಿನ್ನ ಕೈಯಲ್ಲಿ ಅರ್ಧ ತಿಂದ ಜೋಳದ ರೊಟ್ಟಿ ಇತ್ತು. ಎಡಕ್ಕೆ ಒಂದು ದೊಡ್ಡ ಕಡಿತ, ಬಲಕ್ಕೆ ಒಂದು ಸಣ್ಣ ಕಡಿತ. ನೀನು ಮಾತಾಡದೆ ರೊಟ್ಟಿಯನ್ನೇ ಎತ್ತಿ ತೋರಿಸಿದೆಯಂತೆ, ಅಪ್ಪ ನಕ್ಕು ಹಾಗೆಯೇ ಕೊಯ್ದನಂತೆ. ಎಡಗಿವಿಯ ತುದಿ ಚೌಕಾಗಿ ಕತ್ತರಿಸಿದ್ದು, ಬಲಗಿವಿಯ ಹಿಂಬದಿಗೆ ಒಂದು ಕಚ್ಚು. ಆ ಮರಿಯೇ ಬೂದಿ. ಅದರ ಮಗಳ ಮಗಳು ಈಗಿನ ಚಿಕ್ಕಿ, ಹಣೆಯ ಮೇಲೆ ಬಿಳಿ ಬೊಟ್ಟಿನದು. ಇಪ್ಪತ್ತೊಂದು ವರ್ಷ ನೀನು ಆ ಗುರುತನ್ನು ತಪ್ಪಿಸಲಿಲ್ಲ. ದೀಪಾವಳಿ ಪಾಡ್ಯದ ಬೆಳಿಗ್ಗೆ ಹಟ್ಟಿಯಲ್ಲಿ ಕುರಿಗಳಿಗೆ ಆರತಿ ಎತ್ತುವುದರೊಳಗೆ ಗುರುತು ಬೀಳದ ಮರಿ ದೇವರ ಪಾಲು, ಅದು ಮತ್ತೆ ಮನೆತನಕ್ಕೆ ಬರುವುದಿಲ್ಲ ಎನ್ನುವುದು ಹಿರಿಯರು ಮಾಡಿಟ್ಟ ಕಟ್ಟಳೆ. ಆ ಗಡುವು ನೀನು ಒಂದು ವರ್ಷವೂ ಮೀರಲಿಲ್ಲ. ಅಂಥ ಗುರುತನ್ನು ನಾನು ಬೇಡ ಅಂದೆ.

ಇರಲಿ, ಆ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಈ ದೇಶ ಹೇಗಿದೆ ಹೇಳಬೇಕು, ಇಲ್ಲವೆಂದರೆ ಅವ್ವ ಕೇಳಿದಾಗ ನಿನ್ನ ಬಳಿ ಉತ್ತರ ಇರುವುದಿಲ್ಲ. ನಮ್ಮ ಬೀದರಿನ ನೆಲ ಕೆಂಪು, ಇಲ್ಲಿಯದು ಕರಿ. ಮರಗಳೇ ಇಲ್ಲ. ನೆರಳಿಗೆ ಕೂರುತ್ತೇನೆಂದರೆ ನಿನ್ನ ನೆರಳಿನಲ್ಲೇ ನೀನು ಕೂರಬೇಕು. ಗಾಳಿಯಂತೂ ಹಗಲೂ ಇರುಳೂ ಬೀಸುತ್ತದೆ, ಒಣಹಾಕಿದ ಒಂದು ಲಂಗಕ್ಕೆ ಆರು ಚಿಮಟಿಗೆ ಬೇಕು. ನಳ ತಿರುಗಿಸಿದರೆ ಕಾಯಿಸುವ ಕೆಲಸವಿಲ್ಲದೆ ಕುದಿಕುದಿ ನೀರು ಬರುತ್ತದೆ, ನೆಲದೊಳಗೇ ಕುದಿಯುತ್ತದಂತೆ, ಆದರೆ ಬೇಯಿಸಿದ ತತ್ತಿಯ ವಾಸನೆ. ಮೊದಲ ದಿನ ಮೈ ತೊಳೆದುಕೊಂಡು ಬಂದು ನನ್ನ ಕೈ ನಾನೇ ಮೂಸಿ ನೋಡಿಕೊಂಡೆ. ವಾರದಲ್ಲಿ ಮೂರು ದಿನ ಪಾಠ, ಉಳಿದ ದಿನ ಒಂದು ಕುರಿಗಾರರ ಮನೆಯಲ್ಲಿದ್ದು ಕೆಲಸ ಕಲಿಯಬೇಕು. ಯಜಮಾನಿಯ ಹೆಸರು ಸಿಗ್ರುನ್, ಅವಳ ಗಂಡ ಬ್ಯಾರ್ನಿ, ಇಬ್ಬರಿಗೂ ಎಪ್ಪತ್ತರ ಹತ್ತಿರ. ಇಲ್ಲಿ ಹಿರಿಯರನ್ನೂ ಬರೀ ಹೆಸರು ಹಿಡಿದು ಕರೆಯಬೇಕು. ನನ್ನ ನಾಲಿಗೆ ಹೊರಳಲಿಲ್ಲ. ಎರಡು ದಿನ ಏನೂ ಕರೆಯದೆ ಎದುರಿಗೆ ಹೋಗಿ ನಿಂತು ನಿಂತು ಸಾಕಾಗಿ, ಮೂರನೇ ದಿನ ಸಿಗ್ರುನ್‌ಬಾಯಿ ಎಂದು ಕರೆದೆ. ಅರ್ಥ ಕೇಳಿದಳು, ಹೇಳಿದೆ. ಈಗ ಬ್ಯಾರ್ನಿಯೂ ಹೆಂಡತಿಯನ್ನು ಹಾಗೆಯೇ ಕರೆದು ನಗುತ್ತಾನೆ. ಚಪ್ಪಲಿ ಹೊರಗೇ ಬಿಡುತ್ತಾರೆ, ಅದೊಂದು ನಮ್ಮ ಹಾಗೆ. ಆದರೆ ಊಟ ಆಯಿತೇ ಎಂದು ಮಾತ್ರ ಯಾರೂ ಯಾರನ್ನೂ ಕೇಳುವುದಿಲ್ಲ. ತಟ್ಟೆ ಇಟ್ಟಿರುತ್ತಾರೆ, ಬಂದು ತಿನ್ನಬೇಕು, ಮುನಿಸಿಕೊಂಡು ಕೂತರೆ ಹಸಿದೇ ಇರಬೇಕು. ನಮ್ಮ ಮನೆಯಲ್ಲಿ ನಾನು ಮುನಿಸಿಕೊಂಡಾಗ ನೀನು ಮೂರು ಸಲ ಬಾಗಿಲಿಗೆ ಬಂದು, "ಏ ಸರೂ, ಉಣ್ಣು ಬಾ, ರೊಟ್ಟಿ ಆರ್ತಾವ" ಅನ್ನುತ್ತಿದ್ದೆ. ಮೂರನೆಯ ಸಲಕ್ಕೆ ಏಳಬೇಕು ಎನ್ನುವುದು ನನ್ನ ಲೆಕ್ಕವಾಗಿತ್ತು. ಇಲ್ಲಿ ಮೊದಲನೆಯದೇ ಬರುವುದಿಲ್ಲ.

ರೊಟ್ಟಿ ಅಂದೆನಲ್ಲ, ಅದರದೂ ಒಂದು ಫಜೀತಿ ಕೇಳು. ಇಲ್ಲಿಯ ಕರಿ ಬ್ರೆಡ್ಡು ಸಿಹಿಯಾಗಿರುತ್ತದೆ, ಅದಕ್ಕೆ ಬೆಣ್ಣೆ ಬಳಿದು ತಿಂದು ತಿಂದು ನನ್ನ ಬಾಯಿ ಕೆಟ್ಟಿತು. ಜೋಳದ ಹಿಟ್ಟು ಎಲ್ಲಿಂದ ತರಲಿ? ಬಾರ್ಲಿ ಹಿಟ್ಟು ಇತ್ತು, ಬಿಸಿ ನೀರು ಹಾಕಿ ನಾದಿ, ಅಡುಗೆಮನೆಯ ಮೇಜಿನ ಮೇಲೆ ಬಡಿಯಲು ಶುರು ಮಾಡಿದೆ. ಅಂಗಳದಲ್ಲಿದ್ದ ಸಿಗ್ರುನ್‌ಬಾಯಿ ಮೇಲಿನ ಕೋಣೆಯ ಕಿಟಕಿ ಗಾಳಿಗೆ ಬಡಿದುಕೊಳ್ಳುತ್ತಿದೆ ಎಂದು ಓಡಿ ಬಂದಳು. ನನ್ನ ಕೈ ನೋಡಿ ಬಾಗಿಲಲ್ಲೇ ನಿಂತುಬಿಟ್ಟಳು. ಮೊದಲ ರೊಟ್ಟಿ ನಾಲ್ಕು ಹೋಳಾಯಿತು, ಎರಡನೆಯದು ಎರಡಾಯಿತು, ಮೂರನೆಯದು ಇಡಿಯಾಗಿ ಎದ್ದಿತು. ಚಿಂತಾಕಿಯ ಅಜ್ಜಿ ನೋಡಿದ್ದರೆ ಇದು ರೊಟ್ಟಿಯಲ್ಲ, ಒಲೆಗೆ ಹಾಕುವ ಸಗಣಿ ಕುಳ್ಳು ಅನ್ನುತ್ತಿದ್ದಳು. ಅವ್ವ ಕಟ್ಟಿಕೊಟ್ಟ ಶೇಂಗಾಹಿಂಡಿ ಹಚ್ಚಿಕೊಂಡು ಮೂವರೂ ತಿಂದೆವು. ಬ್ಯಾರ್ನಿ ಖಾರಕ್ಕೆ ಕಣ್ಣೀರು ಸುರಿಸುತ್ತಲೇ ಇನ್ನೊಂದು ಕೇಳಿದ. ನಾನು ನನ್ನ ರೊಟ್ಟಿಯನ್ನು ಎಡಕ್ಕೊಂದು ಬಲಕ್ಕೊಂದು ಕಡಿದು, ಕೈಯಲ್ಲಿ ಎತ್ತಿ ಹಿಡಿದು ನೋಡಿದೆ.

ಈಗ ಕುರಿಗಳ ವಿಷಯ. ಇದನ್ನು ನೀನು ನಂಬುವುದಿಲ್ಲ, ಆದರೂ ಹೇಳುತ್ತೇನೆ. ಇಲ್ಲಿ ಕುರಿ ಕಾಯುವವರೇ ಇಲ್ಲ. ಬೇಸಿಗೆ ಬಂತೆಂದರೆ ಮರಿಗಳ ಸಮೇತ ಎಲ್ಲವನ್ನೂ ಬೆಟ್ಟಕ್ಕೆ ಹೊಡೆದು ಬಾಗಿಲು ಹಾಕಿಕೊಳ್ಳುತ್ತಾರೆ. ತೋಳ ಇಲ್ಲ, ಕಳ್ಳರಿಲ್ಲ. ಮೂರು ತಿಂಗಳು ಅವು ತಮ್ಮಷ್ಟಕ್ಕೆ ಮೇಯುತ್ತವೆ. ಇದನ್ನು ಕೇಳಿದ ದಿನ ನನಗೆ ಸಿಟ್ಟೇ ಬಂತು. ನೀನು ಒಂಬತ್ತನೇ ಇಯತ್ತೆಗೆ ಸಾಲಿ ಬಿಟ್ಟದ್ದು ಯಾತಕ್ಕೆ? ಅಪ್ಪನಿಗೆ ಕಣ್ಣು ಮಂಜಾಗಿ, ಹಿಂಡಿನ ಹಿಂದೆ ಒಬ್ಬರು ನಡೆಯಲೇಬೇಕು ಎಂದು. ಇಲ್ಲಿ ಹುಟ್ಟಿದ್ದರೆ ನೀನು ಡಾಕ್ಟರಾಗುತ್ತಿದ್ದೆ. ನನಗಿಂತ ಒಳ್ಳೆಯ ಡಾಕ್ಟರು. ಸೆಪ್ಟೆಂಬರ್ ಬಂದರೆ ಮಾತ್ರ ಸುತ್ತಲಿನ ಊರವರೆಲ್ಲ ಕುದುರೆ ಹತ್ತಿ ಬೆಟ್ಟಕ್ಕೆ ಹೋಗಿ, ಎಲ್ಲರ ಕುರಿಗಳನ್ನೂ ಕಲೆಸಿಕೊಂಡೇ ಕೆಳಗೆ ಇಳಿಸುತ್ತಾರೆ. ಕೆಳಗೆ ಒಂದು ದೊಡ್ಡ ದುಂಡು ದೊಡ್ಡಿ ಇದೆ, ಎತ್ತಿನ ಗಾಡಿಯ ಗಾಲಿಯ ಹಾಗೆ. ನಡುವಿನ ಗುಂಬದಲ್ಲಿ ಕುರಿ ತುಂಬುತ್ತಾರೆ, ಸುತ್ತ ಅರೆಕಾಲುಗಳ ನಡುವಿನ ಒಂದೊಂದು ಖಾನೆ ಒಂದೊಂದು ಮನೆಯದು. ಚಿಕ್ಕವರು ಮುದುಕರು ಎಲ್ಲ ನಡುವೆ ಇಳಿದು, ತಮ್ಮ ತಮ್ಮ ಕುರಿ ಹುಡುಕಿ ತಮ್ಮ ಖಾನೆಗೆ ಎಳೆಯುತ್ತಾರೆ. ಏನು ಗದ್ದಲ ಅಂತೀ! ಆರು ವಾರದಲ್ಲಿ ಅವತ್ತೊಂದು ದಿನ ನನ್ನ ಕಿವಿಗೆ ಊರು ಕೇಳಿಸಿತು. ವಾಸನೆಯೂ ಅದೇ, ಒದ್ದೆ ಉಣ್ಣೆ, ಹಿಕ್ಕೆ, ಬೆವರು. ಸಾವಿರಾರು ಕುರಿಗಳಲ್ಲಿ ನಿಮ್ಮದು ಯಾವುದು ಹೇಗೆ ತಿಳಿಯುತ್ತದೆ ಎಂದು ಸಿಗ್ರುನ್‌ಬಾಯಿಯನ್ನು ಕೇಳಿದೆ. ಅವಳು ಒಂದು ಕುರಿಯನ್ನು ಹಿಡಿದು, ಉಣ್ಣೆ ಸರಿಸಿ ಅದರ ಕಿವಿ ತೋರಿಸಿದಳು. ಪ್ಲಾಸ್ಟಿಕ್ ಬಿಲ್ಲೆ ಇತ್ತು, ನಂಬರು ಬರೆದದ್ದು. ಬಿಲ್ಲೆಯ ಪಕ್ಕದಲ್ಲಿ ಕಿವಿ ಸೀಳಿತ್ತು. ಚಾಕುವಿನಲ್ಲಿ ಕೊಯ್ದ ಗುರುತು, ನಮ್ಮ ಹಿಂಡಿಗೆಲ್ಲ ಹಾಕುವ ಅಪ್ಪನ ಸೀಳುಗುರುತಿನ ಹಾಗೆಯೇ. ಬಿಲ್ಲೆ ಇದ್ದ ಮೇಲೆ ಕೊಯ್ಯುವುದು ಯಾಕೆ ಎಂದೆ. ಬ್ಯಾರ್ನಿ, "ಬಿಲ್ಲೆ ಸರ್ಕಾರಕ್ಕೆ, ಕಿವಿ ನಮಗೆ" ಅಂದ. ನನ್ನ ಮುಖ ಸುಟ್ಟ ಹಾಗಾಯಿತು.

ಆಮೇಲೆ ನಾನೂ ನಡುವೆ ಇಳಿದೆ. ಅವರ ಮನೆಯ ಗುರುತಿನವು ಮೂರು ಕುರಿ ಹುಡುಕಿಕೊಟ್ಟೆ. ನಾಲ್ಕನೆಯದಕ್ಕೆ ಕೈ ಹಾಕುವಾಗ ನನ್ನ ಮೊಣಕಾಲಿಗೆ ಒಂದು ಬೂದು ಬಣ್ಣದ ಕುರಿ ಬಂದು ಗುದ್ದಿತು. ಅದರ ಎಡಗಿವಿಯ ತುದಿ ಚೌಕಾಗಿ ಕತ್ತರಿಸಿತ್ತು. ಬಲಗಿವಿ ತಿರುಗಿಸಿ ನೋಡಿದೆ, ಹಿಂಬದಿಗೆ ಒಂದು ಕಚ್ಚು. ಅಣ್ಣಾ, ನನಗೆ ಏನಾಯಿತೋ ಗೊತ್ತಿಲ್ಲ. ತಪ್ಪಿಸಿಕೊಂಡು ಹೋಗುತ್ತಿದ್ದ ಅದನ್ನು ನೀನು ಕಲಿಸಿದ ಹಾಗೆ ಹಿಂಗಾಲು ಹಿಡಿದು ಎಳೆದೆ. ಸುತ್ತಲಿನವರೆಲ್ಲ ಒಂದೇ ಸಲ ಕೂಗಿದರು. ಇಲ್ಲಿ ಕುರಿಯನ್ನು ಹಾಗೆ ಹಿಡಿಯುವುದು ದೊಡ್ಡ ತಪ್ಪಂತೆ, ಎರಡು ಕಾಲ ನಡುವೆ ಇಟ್ಟುಕೊಂಡು ಕೋಡು ಹಿಡಿಯಬೇಕು. ನಾನು ಕಾಲು ಬಿಟ್ಟು ಕೊರಳು ತಬ್ಬಿಕೊಂಡೆ. ಮುಂದೆ ಎಲ್ಲಿಗೆ ಒಯ್ಯಬೇಕು ತಿಳಿಯಲಿಲ್ಲ. ಯಾವ ಖಾನೆಗೂ ಒಯ್ಯಲು ಮನಸ್ಸು ಬರಲಿಲ್ಲ. ಡಾಬಕಾದ ಹಟ್ಟಿಗೆ ಖಾನೆ ಎಲ್ಲಿದೆ? ಅಷ್ಟು ಗದ್ದಲದ ನಡುವೆ ಅದನ್ನು ತಬ್ಬಿಕೊಂಡೇ ನಿಂತೆ. ಸಿಗ್ರುನ್‌ಬಾಯಿ ಬಂದು, ಯಾರದು ಅದು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನಾನು ಕನ್ನಡದಲ್ಲಿ, "ನಂದು" ಅಂದೆ. ಹೇಳಿದ ಮೇಲೆ ಅಳು ಬಂತು, ತಡೆಯಲು ಆಗಲಿಲ್ಲ. ಪಶುವೈದ್ಯೆಯಾಗುವ ಹುಡುಗಿ ಊರವರೆಲ್ಲರ ಎದುರು ಕುರಿ ತಬ್ಬಿಕೊಂಡು ಅತ್ತಳು. ಇದನ್ನು ವೈನಿಗೆ ಹೇಳಬೇಡ, ವರ್ಷಗಟ್ಟಲೆ ಆಡಿಕೊಳ್ಳುತ್ತಾಳೆ.

ಅವತ್ತು ಮನೆಗೆ ಬಂದ ಮೇಲೆ ಸಿಗ್ರುನ್‌ಬಾಯಿ ಒಂದು ಪುಸ್ತಕ ತೆಗೆದು ಮುಂದಿಟ್ಟಳು. ಈ ಭಾಗದ ಕುರಿಗಾರರ ಕಿವಿಗುರುತುಗಳನ್ನೆಲ್ಲ ಅಚ್ಚು ಮಾಡಿಸಿದ ಪುಸ್ತಕ. ಕಿವಿಗಳು ಎರಡೇ, ಕೊಯ್ಯುವ ರೀತಿಗಳೂ ಹತ್ತಾರೇ, ಎಲ್ಲೋ ಒಂದು ಕಡೆ ಎರಡು ಗುರುತು ಕೂಡಲೇಬೇಕು, ಅದರಲ್ಲಿ ಆಶ್ಚರ್ಯವಿಲ್ಲ. ನನ್ನದರಂಥದೇ ಆ ಗುರುತಿನ ಮುಂದಿದ್ದ ಹೆಸರು ಹೆಲ್ಗಾ. ಸಿಗ್ರುನ್‌ಬಾಯಿಯ ತಂಗಿ. ಮದುವೆಯಾಗಿ ಕೆನಡಾಕ್ಕೆ ಹೋ‌ಗಿ ನಲವತ್ತೊಂದು ವರ್ಷವಾಗಿದೆ, ಅಷ್ಟರಲ್ಲಿ ಬಂದದ್ದು ಮೂರು ಸಲ. ಕುರಿಗಳನ್ನು ಕಂಡರೆ ಆಕೆಗೆ ಆಗುವುದೇ ಇಲ್ಲವಂತೆ, ಚಿಕ್ಕವಳಿದ್ದಾಗಲೂ ಆಗುತ್ತಿರಲಿಲ್ಲ. ಆದರೂ ಸಿಗ್ರುನ್‌ಬಾಯಿ ಪ್ರತಿ ವರ್ಷ ಆ ಸಂತಾನದ ಮರಿಗಳಿಗೆ ತಂಗಿಯ ಗುರುತನ್ನೇ ಕೊಯ್ಯುತ್ತಾಳೆ, ಪುಸ್ತಕದ ಹೊಸ ಅಚ್ಚು ಬಂದಾಗಲೆಲ್ಲ ಆ ಹೆಸರು ಮರೆಯದೆ ಬರೆಸುತ್ತಾಳೆ. ಬರದವಳಿಗೆ ಯಾಕೆ ಇಷ್ಟೆಲ್ಲ ಎಂದು ಕೇಳಿದೆ. "ಬರದೆ ಇರುವುದು ಅವಳ ಇಷ್ಟ. ನಾನು ಕೊಯ್ಯದೆ ಬಿಟ್ಟರೆ, ಬಾ ಎಂದು ಕರೆಯುವುದನ್ನು ಬಿಟ್ಟ ಹಾಗೆ" ಅಂದಳು. ಆಮೇಲೆ ಎದ್ದು ಹೋಗಿ ಕಾಫಿಗೆ ನೀರಿಟ್ಟಳು. ಬಾಗಿಲಿಗೆ ಮೂರು ಸಲ ಬಂದು ಉಣ್ಣಲು ಕರೆಯುತ್ತಿದ್ದ ನೀನು ನನ್ನ ಕಣ್ಣ ಮುಂದೆ ಬಂದೆ.

ಇನ್ನು ಔರಾದಿನ ಮಾತು. ಎಷ್ಟು ದಿನ ಸುತ್ತು ಹಾಕಲಿ? ಜೂನ್‌ನಲ್ಲಿ ಜಾನುವಾರು ಶಿಬಿರ ಇತ್ತಲ್ಲ, ನಾನು ಬಿಳಿ ಕೋಟು ಹಾಕಿಕೊಂಡು, ನಮ್ಮ ಸರ್ ಮಂದಿ ಹಿಂದೆ ಕೂತಿದ್ದಾರೆ ಎನ್ನುವ ಹುಮ್ಮಸ್ಸಿನಲ್ಲಿ ಮೈಕು ಹಿಡಿದಿದ್ದೆ. ನೀನು ಲಸಿಕೆಗೆಂದು ಕುರಿ ಹೊಡೆದುಕೊಂಡು ಬಂದು ಸಾಲಿನಲ್ಲಿ ನಿಂತಿದ್ದೆ. ಅಷ್ಟರಲ್ಲಿ ಹೇಗೂ ಕಾಯಬೇಕಲ್ಲ ಎಂದು ಒಂದು ಮರಿಯನ್ನು ತೊಡೆಯ ಮೇಲೆ ಹಾಕಿಕೊಂಡು ಗುರುತು ಕೊಯ್ಯುತ್ತಿದ್ದೆ. ನಾನು ಮೈಕಿನಲ್ಲಿ, ಅದೋ ಅಲ್ಲಿ ನೋಡಿರಿ, ಇದೇ ಅಜ್ಞಾನ, ಈ ಕಾಲದಲ್ಲೂ ಮೂಕ ಪ್ರಾಣಿಯ ಕಿವಿ ಕೊಯ್ಯುತ್ತಾರೆ ಅಂದೆ. ಅದು ನೀನೆಂದು ಗೊತ್ತಿತ್ತು. ಗೊತ್ತಿಲ್ಲದೆ ಅಂದೆ ಎಂದು ಸುಳ್ಳು ಬರೆಯಲು ಎರಡು ಹಾಳೆ ಹರಿದುಹಾಕಿದ್ದೇನೆ, ಬರೆಯಲು ಆಗಲಿಲ್ಲ. "ಡಾಕ್ಟರಬಾಯಿ ಅಣ್ಣಗೇ ಪಾಠ ಹೇಳ್ಲತ್ತಾಳ ನೋಡ್ರೋ" ಎಂದು ಯಾರೋ ಕೂಗಿದರು, ಸಾಲಿಗೆ ಸಾಲೇ ನಕ್ಕಿತು. ನೀನು ಚಾಕುವನ್ನು ಧೋತರಕ್ಕೆ ಒರೆಸಿ, ಮಡಚಿ ಕಿಸೆಗೆ ಹಾಕಿಕೊಂಡೆ. ಸಾಲು ಬಿಟ್ಟು ಹೋಗಲಿಲ್ಲ, ಆ ನಗುವಿನ ನಡುವೆಯೇ ಮಧ್ಯಾಹ್ನದವರೆಗೆ ನಿಂತು ಎಲ್ಲ ಕುರಿಗೂ ಲಸಿಕೆ ಹಾಕಿಸಿದೆ. ಆಮೇಲೆ ಬಸ್‌ಸ್ಟ್ಯಾಂಡಿಗೆ ಬಂದು, ಅವ್ವ ಕಳಿಸಿದ ಬುತ್ತಿ ನನ್ನ ಕೈಗೆ ಕೊಟ್ಟು, "ಹಂಗಾದ್ರ ಸರೂ, ನಿನ್ನ ಗುರ್ತನೂ ಬ್ಯಾಡೇನು?" ಎಂದು ಕೇಳಿದೆ. ಕೇಳುವಾಗ ನಿನ್ನ ದನಿ ಮೆತ್ತಗಿತ್ತು. ನಾನು ಸೋಲಲು ತಯಾರಿರಲಿಲ್ಲ. "ಬ್ಯಾಡ. ಅದ್ನ ಹಿಡ್ಕೊಂಡು ನಾ ಏನ್ ಮಾಡ್ಲಿ? ಎಲ್ಲಾ ಅಪ್ಪನ ಗುರ್ತಿನ್ಯಾಗ ಸೇರಿಸಿಬಿಡು" ಅಂದೆ. ಬೀದರ ಬಸ್ಸು ಬಂತು, ಹತ್ತಿದೆ. ಕಿಟಕಿಯಿಂದ ತಿರುಗಿ ಕೂಡ ನೋಡಲಿಲ್ಲ.

ನಾನು ಹೊರಟ ದಿನ ಬೀದರಿಗೆ ಅಪ್ಪ, ಅವ್ವ, ವೈನಿ ಎಲ್ಲ ಬಂದರು, ನೀನು ಬರಲಿಲ್ಲ. ನಿನ್ನ ಕಂಬಳಿ ಬಂತು. ವೈನಿ ಅದನ್ನು ನನ್ನ ಚೀಲಕ್ಕೆ ತುರುಕುತ್ತ, "ಥಂಡಿ ದೇಶ ಅಂತ, ಒಯ್ಯಲಿ ಅಂದಾರ. ಬ್ಯಾಡಂದ್ರ ತಿರುಗಿ ತರಬ್ಯಾಡ, ಯಾರಿಗ್ಯಾರ ಕೊಟ್ ಬಾ ಅಂದಾರ" ಅಂದಳು. ವಿಮಾನ ನಿಲ್ದಾಣದಲ್ಲಿ ಅದರ ವಾಸನೆಗೆ ನಾಚಿ ಇನ್ನೊಂದು ಚೀಲದೊಳಗೆ ಕಟ್ಟಿಟ್ಟಿದ್ದೆ. ಈಗ ಅದನ್ನೇ ಹೊದ್ದು ಬರೆಯುತ್ತಿದ್ದೇನೆ. ಹೊಗೆಯ ವಾಸನೆ ದಿನಕ್ಕಿಷ್ಟು ಕಡಿಮೆಯಾಗುತ್ತಿದೆ, ಅದಕ್ಕೇ ಒಗೆದಿಲ್ಲ, ಬಿಸಿಲಿಗೂ ಹಾಕಿಲ್ಲ. ಅಣ್ಣಾ, ನನ್ನದು ತಪ್ಪಾಯಿತು. ನೀನು ಸಾಲಿ ಬಿಟ್ಟು ನಡೆದ ದಾರಿಯ ಮೇಲೆಯೇ ನಾನು ಇಲ್ಲಿಯವರೆಗೆ ಬಂದೆ, ಬಂದು ನಿನಗೇ ಅಜ್ಞಾನಿ ಅಂದೆ. ಒಂದು ವಿಷಯದಲ್ಲಿ ಮಾತ್ರ ಈಗಲೂ ಸೋಲುವುದಿಲ್ಲ. ನಿನ್ನ ಚಾಕು ಗಲೀಜು. ಇಲ್ಲಿ ಕೊಯ್ಯುವ ಮೊದಲು ತೊಳೆಯುತ್ತಾರೆ, ಕೊಯ್ದ ಮೇಲೆ ಔಷಧಿ ಹಚ್ಚುತ್ತಾರೆ. ಅಷ್ಟು ಹೇಳಿ ಬಿಟ್ಟಿದ್ದರೆ ಸಾಕಾಗಿತ್ತು. ಈ ಹೊತ್ತಿಗೆ ಚಿಕ್ಕಿ ಮರಿ ಹಾಕಿರುತ್ತದೆ, ಅದರ ಕಿವಿಗೆ ಅಪ್ಪನ ಸೀಳು ಬಿದ್ದಿರುತ್ತದೆ. ನಾನೇ ಹೇಳಿದ್ದು, ನೀನು ಹೇಳಿದ್ದನ್ನು ಮಾಡುವವನು. ಬಿದ್ದ ಗುರುತು ಅಳಿಸಲು ಬರುವುದಿಲ್ಲ. ಹಾಗಾಗಿ ನಾನು ಏನನ್ನೂ ಕೇಳುತ್ತಿಲ್ಲ. ಮುಂದಿನ ಸಲ ಫೋನು ಹಚ್ಚಿದಾಗ ವೈನಿ ಕೈಗೆ ಕೊಡುವ ಮೊದಲು ಎರಡು ಮಾತು ಹೆಚ್ಚು ಆಡು, ಬೈದರೂ ನಡೆಯುತ್ತದೆ.

ಅಪ್ಪನ ಕಾಲಿಗೆ, ಅವ್ವನ ಕಾಲಿಗೆ ನನ್ನ ಪರವಾಗಿ ನೀನೇ ಬಗ್ಗು. ವೈನಿಗೆ ಒಂದು ಉಣ್ಣೆಯ ಟೊಪ್ಪಿಗೆ ಹೆಣೆಯುತ್ತಿದ್ದೇನೆ, ಆಕಾರ ಇನ್ನೂ ಗಡಿಗೆಯ ಹಾಗಿದೆ, ನಗಬಾರದೆಂದು ಹೇಳು. ಸಂಕ್ರಾಂತಿಗೆ ನೀನು ಮನ್ನಳ್ಳಿ ಹೊಲಗಳಲ್ಲಿ ಇರುವಾಗ ನಾನು ಬೀದರಿಗೆ ಬಂದಿರುತ್ತೇನೆ. ಕಾಲೇಜಿಗೆ ಹೋಗುವ ಮೊದಲು ಅಲ್ಲಿಗೆ ಬರುತ್ತೇನೆ, ಕೋಟು ಹಾಕಿಕೊಳ್ಳದೆ.

ನಿನ್ನ ತಂಗಿ,
ಸರಿತಾ

ತಾ.ಕ.: ಅಣ್ಣಾ, ಲಕೋಟೆಗೆ ಅಂಟು ಹಚ್ಚುವಷ್ಟರಲ್ಲಿ ವೈನಿ ಫೋಟೋ ಕಳಿಸಿದಳು, ಈ ವರ್ಷದ ಮರಿಗಳದು. ಹನ್ನೊಂದು. ದೊಡ್ಡದು ಮಾಡಿ ಒಂದೊಂದರ ಕಿವಿ ನೋಡಿದೆ. ಹತ್ತಕ್ಕೆ ಅಪ್ಪನ ಸೀಳು ಬಿದ್ದಿದೆ. ಚಿಕ್ಕಿಯ ಮಗ್ಗುಲಿನ ಬೂದು ಮರಿಯ ಕಿವಿ ಎರಡೂ ಇಡಿಯಾಗಿವೆ. ಇದೊಂದು ಯಾಕೆ ಬಿಟ್ಟಿದ್ದಾನೆ ಎಂದು ವೈನಿಗೆ ಕೇಳಿದರೆ, "ಅದಕ್ಕ ಯಾರೂ ಕೈ ಹಚ್ಚಬ್ಯಾಡ್ರಿ, ಪಾಡ್ಯಾ ತನಕಾ ನೋಡಮ್ ಅಂತಾರವ್ವ" ಅಂದಳು. ಪಾಡ್ಯಕ್ಕೆ ಹದಿನೇಳೇ ದಿನ ಇದೆ. ನಾನು ಬರೆಯುತ್ತ ಕೂತರೆ ಅದು ದೇವರ ಪಾಲಾಗುತ್ತದೆ. ಅದು ನಂದು ಅಣ್ಣಾ. ಕೊಯ್ಯಿ.

ಇಸ್ಮಾಯಿಲ್ ಚಾಚಾ, ಇನ್ನು ಮುಂದಿನದು ನಿಮಗೆ. ಕಾಗದ ಪಾಡ್ಯದೊಳಗೆ ಮುಟ್ಟೀತೋ ಇಲ್ಲವೋ ಎಂದು ಈ ಕೊನೆಯ ಹಾಳೆಯ ಫೋಟೋವನ್ನು ನಿಮ್ಮ ಫೋನಿಗೆ ಹಾಕುತ್ತಿದ್ದೇನೆ. ವೈನಿಗೆ ಫೋನಿನಲ್ಲಿ ಹೇಳಿದರೆ ಮುಗಿಯುತ್ತಿತ್ತು, ಆದರೆ ಬೇಡ ಅಂದದ್ದರ ಕಥೆ ಮಂದಿಯ ಎದುರು ಶುರುವಾದದ್ದು, ಮುಗಿಯುವುದೂ ಮಂದಿಯ ಎದುರೇ ಆಗಬೇಕು. ಆ ಶಿಬಿರದಲ್ಲಿ ನಕ್ಕವರಲ್ಲಿ ಅರ್ಧ ಜನ ಸಂತೆ ದಿನ ನಿಮ್ಮ ಹೋಟೆಲಿಗೇ ಬರುತ್ತಾರೆ. ಅಣ್ಣ ಬಂದು ಬಾಕಿನ ಮೇಲೆ ಕೂತಾಗ, ಅವರೆಲ್ಲ ಇರುವಾಗ, ಕನ್ನಡಕ ಹಾಕಿಕೊಂಡು ಇಷ್ಟನ್ನು ಜೋರಾಗಿ ಓದಿರಿ: ಔರಾದ್ ಶಿಬಿರದಲ್ಲಿ ಡಾಬಕಾದ ಧೊಂಡಿಬಾನ ಮಗಳು ಸರಿತಾ ತನ್ನ ಅಣ್ಣನಿಗೆ ಆಡಬಾರದ ಮಾತು ಆಡಿದಳು, ತಪ್ಪು ಆಕೆಯದು. ಚಿಕ್ಕಿಯ ಮರಿ ಆಕೆಯದು. ಅದಕ್ಕೆ ಆಕೆಯ ಗುರುತನ್ನೇ ಕೊಯ್ಯಬೇಕು, ಚಾಕು ಕುದಿಯುವ ನೀರಿನಲ್ಲಿ ಅದ್ದಿ. ಓದಿದ ಮೇಲೆ ಅಣ್ಣ ಏನೂ ಅನ್ನದಿದ್ದರೆ ಅವನಿಗೆ ಫೋಟೋ ತೋರಿಸಿರಿ. ಹಾಳೆಯ ಎಡ ಮೂಲೆ, ಬಲ ಅಂಚು ಇಲಿ ಕಡಿದದ್ದಲ್ಲ ಚಾಚಾ, ನಾನೇ ಕತ್ತರಿಸಿದ್ದೇನೆ.